ಭೂಪಟದ ಕೋಣೆಯಲ್ಲಿ ಹೇಳಿದ ಮಾತು

ತಿರುನಾರಾಯಣ ಮೇಷ್ಟ್ರದು ಪುಕ್ಕಲು ಸ್ವಭಾವ ಅನ್ನುವುದು ಮಳವಳ್ಳಿಯಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ. ಬೀದಿನಾಯಿ ಕಂಡರೆ ಆಚೆ ಬದಿಗೆ ದಾಟಿ ನಡೆಯುವರು. ಗುಡುಗು ಬಂದರೆ ಪಾಠ ನಿಲ್ಲಿಸಿ ಕಿಟಕಿಯತ್ತ ನೋಡುವರು. ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತ ತಲೆಗೂದಲು ನರೆಯತೊಡಗಿದ್ದರೂ ಒಬ್ಬ ಹುಡುಗನ ಮೇಲೂ ಬೆತ್ತ ಎತ್ತಿದವರಲ್ಲ. ಅದು ದಯೆಯೋ ಅಂಜಿಕೆಯೋ ಅವರಿಗೇ ಸರಿಯಾಗಿ ತಿಳಿಯದು.

ಕಸ್ತೂರಿರಂಗ ಅಯ್ಯಂಗಾರ್ಯರು ಹೆಡ್‌ಮಾಸ್ಟರಾಗಿ ಬಂದ ವರ್ಷ ಎಸ್.ಎಸ್.ಎಲ್.ಸಿ.ಗೆ ಕೂತ ಹುಡುಗರಲ್ಲಿ ಮುಕ್ಕಾಲು ಪಾಲು ನಪಾಸಾಗಿದ್ದರು. ಅಯ್ಯಂಗಾರ್ಯರು ಒಬ್ಬೊಬ್ಬನನ್ನೇ ಕರೆಸಿ ಮಾತಾಡಿಸಿದರು. ಆಮೇಲೆ ಮೇಷ್ಟ್ರುಗಳನ್ನೆಲ್ಲ ಕೂಡಿಸಿ, "ಪಾಠ ಬರದೆ ನಪಾಸಾದವರು ಕಡಿಮೆ ಕಣ್ರಯ್ಯ. ತಲೆಯಲ್ಲಿ ಬೇರೆ ಏನೋ ಹೊತ್ತುಕೊಂಡು ಕೂತಿದ್ದವರೇ ಹೆಚ್ಚು. ಅದನ್ನ ಕೇಳೋರು ಒಬ್ಬರು ಬೇಕು," ಅಂದರು. ಸಾಯಂಕಾಲದ ಗಂಟೆ ಹೊಡೆದ ಮೇಲೆ ಭೂಪಟಗಳನ್ನು ಇಡುವ ಕೋಣೆಯಲ್ಲಿ ಒಬ್ಬ ಮೇಷ್ಟ್ರು ಕೂತಿರಬೇಕು; ಕಷ್ಟ ಇದ್ದ ಹುಡುಗ ಬಂದು ಹೇಳಿಕೊಳ್ಳಬಹುದು; ಅಲ್ಲಿ ಬೆತ್ತ ಇರಕೂಡದು, ಅಲ್ಲಿ ಆಡಿದ ಮಾತು ಹೊರಕ್ಕೆ ಹೋಗಕೂಡದು. ಯಾರು ಕೂರಬೇಕು ಅನ್ನುವ ಪ್ರಶ್ನೆ ಬಂದಾಗ ಉಳಿದವರೆಲ್ಲ ತಿರುನಾರಾಯಣರ ಕಡೆ ನೋಡಿ ನಕ್ಕರು. ಹಾಗೆ ಆ ಕೆಲಸ ಅವರ ಕೊರಳಿಗೆ ಬಿತ್ತು.

ಹುಡುಗರು ಅದಕ್ಕೆ 'ಅಳೋ ರೂಮು' ಅಂತ ಹೆಸರಿಟ್ಟರು. ಆದರೂ ಬಂದರು. ಮೂರು ಮೈಲಿ ನಡೆದು ಹಸಿದ ಹೊಟ್ಟೆಯಲ್ಲಿ ಪಾಠ ಕೇಳಲಾರದವನು ಬಂದ. ಅವನಿಗೆ ಪೇಟೆಯಲ್ಲಿ ಒಬ್ಬರ ಮನೆಯಲ್ಲಿ ಮಧ್ಯಾಹ್ನದ ಊಟ ಗೊತ್ತಾಯಿತು. ಪರೀಕ್ಷೆಗೆ ಮುಂಚೆಯೇ ಮದುವೆ ಮಾಡುತ್ತಾರೆಂದು ಹೆದರಿದವನು ಬಂದ; ಅಯ್ಯಂಗಾರ್ಯರೇ ಹೋಗಿ ಅವನ ಅಪ್ಪನನ್ನು ಒಪ್ಪಿಸಿ ಮುಂದಿನ ವೈಶಾಖಕ್ಕೆ ತಳ್ಳಿಸಿದರು. ತಿರುನಾರಾಯಣರಿಗೆ ಮೊಟ್ಟಮೊದಲ ಬಾರಿಗೆ ತಾವೂ ಒಂದು ಕೆಲಸಕ್ಕೆ ಆಗುವವರು ಅನ್ನಿಸಿತು. ಆಗ ಬಂದವನು ಸಿದ್ದರಾಜು.

ಸಿದ್ದರಾಜು ಆರನೇ ಫಾರಮ್ಮಿನ ಹುಡುಗ, ಆ ವರ್ಷ ಎಸ್.ಎಸ್.ಎಲ್.ಸಿ.ಗೆ ಕೂರಬೇಕಾದವನು. ಮದ್ದೂರಿನ ದಾರಿಯಲ್ಲಿರುವ ಅತ್ತಿಕಟ್ಟೆಯ ಒಕ್ಕಲು ಮನೆಯವನು. ಅಪ್ಪ ಜವರಯ್ಯ ಇವನು ಚಿಕ್ಕವನಿದ್ದಾಗಲೇ ಪ್ಲೇಗಿನಲ್ಲಿ ತೀರಿಹೋಗಿದ್ದ. ಇವನನ್ನೂ ಇವನ ಅವ್ವನನ್ನೂ ಸಾಕಿದವನು ಚಿಕ್ಕಪ್ಪ ಮರಿಸಿದ್ದಯ್ಯ. ಲೆಕ್ಕದಲ್ಲಿ ಇವನ ಮುಂದೆ ಇನ್ನೊಬ್ಬನಿಲ್ಲ ಅನ್ನುವಂತಿದ್ದ ಹುಡುಗ ದೀಪಾವಳಿ ರಜೆ ಮುಗಿಸಿ ಬಂದಮೇಲೆ ಒಂದಕ್ಷರ ಬರೆಯದೆ ಬಿಳಿ ಹಾಳೆಯನ್ನೇ ಒಪ್ಪಿಸತೊಡಗಿದ. ಲೆಕ್ಕದ ಮೇಷ್ಟ್ರು ಅವನ ಬಲಗೈ ಬಾಸುಂಡೆ ಬರುವ ಹಾಗೆ ಬಾರಿಸಿದರು. ಹುಡುಗ ಕೈ ಹಿಂದಕ್ಕೆಳೆಯಲಿಲ್ಲ, ಮುಖವನ್ನೂ ಕಿವುಚಲಿಲ್ಲ. ಆ ಮೇಷ್ಟ್ರಿಗೇ ಒಂಥರಾ ಆಗಿ ಬೆತ್ತ ಕೆಳಗಿಟ್ಟು ಹೆಡ್‌ಮಾಸ್ಟರಿಗೆ ಹೇಳಿದರು. ಅಯ್ಯಂಗಾರ್ಯರು ಅವನನ್ನು ಭೂಪಟದ ಕೋಣೆಗೆ ಕಳಿಸಿದರು.

ಮೊದಲು ಕೆಲವು ದಿನ ಸಿದ್ದರಾಜು ಬಂದು ಬೆಂಚಿನ ತುದಿಯಲ್ಲಿ ಕೂತು ಹೋದ, ಅಷ್ಟೆ. ತಿರುನಾರಾಯಣರು ಏನೂ ಕೇಳಲಿಲ್ಲ. ಸುಮ್ಮನೆ ಕೂರಲಾರದೆ ಅವನ ಕೈಗೆ ಒಂದು ಭೂಪಟ ಕೊಟ್ಟು, "ಇದನ್ನ ಸುತ್ತಿಡಪ್ಪ," ಅಂದರು. ಹುಡುಗ ಎಡಗೈಯೊಂದರಲ್ಲೇ ತಿಣುಕಿ ತಿಣುಕಿ ಸುತ್ತಿದ. ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು, ಯಾರೋ ಮರೆತು ಇಟ್ಟು ಹೋದ ವಸ್ತುವಿನ ಹಾಗೆ.

"ಕೈಗೆ ಏನಾಗಿದೆಯಪ್ಪ?"

ಹುಡುಗ ಬಾಗಿಲ ಕಡೆ ನೋಡಿದ. "ಈ ರೂಮಲ್ಲಿ ಆಡಿದ್ದು ಹೊರಕ್ಕೆ ಓಗಕಿಲ್ಲ ಅಂತಾರೆ. ದಿಟವಾ ಸಾರ್?"

"ದಿಟ."

"ಆಣೆ ಮಾಡಿ."

ತಿರುನಾರಾಯಣರು ಆಣೆ ಇಡುವವರಲ್ಲ. ಆದರೆ ಹುಡುಗನ ಮುಖ ನೋಡಿ, "ಚೆಲುವರಾಯಸ್ವಾಮಿ ಆಣೆ," ಅಂದುಬಿಟ್ಟರು.

"ಈ ಕೈ ನಂದಲ್ಲ ಸಾರ್."

"ಮತ್ತೆ ಯಾರದು?"

"ಅಂಕಯ್ಯಂದು. ಅವ್ನು ಇಡ್ಕೊಂಡಿದ್ದ. ಇನ್ನೂ ಬುಟ್ಟಿಲ್ಲ."

ತಿರುನಾರಾಯಣರಿಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ಹೋಗದೆ ಕೂತು, ಹುಡುಗ ತುಣುಕು ತುಣುಕಾಗಿ ಹೇಳಿದ್ದನ್ನು ಕೇಳಿದರು.

ಅಂಕಯ್ಯ ಅತ್ತಿಕಟ್ಟೆ ಕೆರೆಯ ನೀರುಗಂಟಿ. ಯಾರ ಗದ್ದೆಗೆ ಯಾವ ದಿನ ನೀರು ಅನ್ನುವ ಸರದಿ ನೋಡಿ ತೂಬು ಎತ್ತುವವನು, ಇಳಿಸುವವನು. ಹೊಲಗೇರಿಯವನಾದರೂ ಸರದಿಯ ವಿಷಯದಲ್ಲಿ ಪಟೇಲನ ಮಾತನ್ನೂ ಕೇಳುವವನಲ್ಲ. ಆ ವರ್ಷ ಮಳೆ ಹಿಂದಾಗಿ ಕೆರೆಯಲ್ಲಿ ನೀರು ಸಾಲದೆ ಇತ್ತು. ಬತ್ತ ಹಾಲುಗಟ್ಟುವ ಹೊತ್ತು. ದೀಪಾವಳಿಯ ಹಿಂದಿನ ದಿನ ಹೊತ್ತು ಮುಳುಗುವಾಗ ಮರಿಸಿದ್ದಯ್ಯ, ಅಣ್ಣನ ಮಗನನ್ನು ಜೊತೆಗೆ ಕರೆದುಕೊಂಡು ಏರಿಯ ಮೇಲೆ ಹೋದ. "ತೂಬಿನ ಅಲಿಗೆ ಎತ್ತು, ಒಂದ್ ಗಳಿಗೆ ಬುಟ್ಟು ಇಳಿಸಾನ," ಅಂದ. ಹುಡುಗ ಹಲಗೆಗೆ ಕೈ ಹಾಕಿದ್ದಾಗ ಎಲ್ಲಿದ್ದನೋ ಅಂಕಯ್ಯ ಬಂದು ಅವನ ಬಲ ಮುಂಗೈ ಹಿಡಿದ. ಮರಿಸಿದ್ದಯ್ಯ ಹಿಂದಿನಿಂದ ಗುದ್ದಲಿಯ ಮರದ ಕಾವಿನಲ್ಲಿ ತಲೆಗೆ ಒಂದು ಕೊಟ್ಟ. ಅಂಕಯ್ಯ ಕೈ ಬಿಡದೆಯೇ ಕುಸಿದ. ಹುಡುಗನೂ ಕಲ್ಲಿನ ಮೇಲೆ ಎಳೆದಾಡಿಕೊಂಡು ಹೋದ. ಆಮೇಲೆ ಹಿಡಿತ ಸಡಿಲಿ ಅಂಕಯ್ಯ ತೂಬಿನ ಬಾಯಿಯ ಹತ್ತಿರ ನೀರಿಗೆ ಬಿದ್ದ. ಮೇಲಕ್ಕೆ ಬರಲಿಲ್ಲ.

"ಚಿಕ್ಕಪ್ಪ ಏನಂದ್ರು?" ತಿರುನಾರಾಯಣರು ಕೇಳಿದರು.

"'ಸಾಯೋವಾಗ ನಿನ್ ಕೈ ಅವನ ಕೈಲಿತ್ತು ಕಣ್ಲಾ. ನೀನೇ ನೂಕಿದ್ದು ಅಂದ್ರೆ ಯಾರೂ ಇಲ್ಲ ಅನ್ನಾಕಿಲ್ಲ. ನೇಣಿಗಾಕ್ತಾರೆ. ಬಾಯ್ ಮುಚ್ಕೊಂಡು ಓದ್ಕೊ' ಅಂದ್ರು. ಜಾರಿ ಬಿದ್ದ ಅಂತ ಪಟೇಲ್ರು ಬರೆಸ್ಬುಟ್ರು. ಮಾರನೇ ದಿನ ಮನೇಲಿ ಕಜ್ಜಾಯ ಮಾಡಿದ್ರು ಸಾರ್. ನಂಗೂ ಬಡಿಸಿದ್ರು."

ಇಷ್ಟು ಹೇಳಿ ಹುಡುಗ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಮೈ ಹಗುರಾದವನ ಹಾಗೆ ಕಂಡ. ಭಾರ ಇಳಿದದ್ದು ಎಲ್ಲಿಗೆ ಅನ್ನುವುದು ತಿರುನಾರಾಯಣರಿಗೆ ಮಾತ್ರ ಗೊತ್ತಾಯಿತು.

ಅವತ್ತಿನಿಂದ ಅವರಿಗೆ ಅನ್ನ ಸೇರಲಿಲ್ಲ. ಹೆಂಡತಿ ಚೂಡಾಮಣಿ, "ಏನಾಗಿದೆ ನಿಮಗೆ? ಮೈ ಬಿಸಿಯಿಲ್ಲ, ನೆಗಡಿಯಿಲ್ಲ, ಮುಖ ಮಾತ್ರ ಸುಣ್ಣ ಬಳಿದ ಹಾಗಿದೆ," ಅಂತ ಕೇಳಿದರೆ, ಪರೀಕ್ಷೆಯ ಕೆಲಸ ಅನ್ನುತ್ತಿದ್ದರು. ಆಣೆ ಒಂದು ಕಡೆ, ಒಬ್ಬ ಮನುಷ್ಯನ ಸಾವು ಇನ್ನೊಂದು ಕಡೆ. ಸುಮ್ಮನಿದ್ದರೆ ಹುಡುಗ ಒಳಗೊಳಗೇ ಕೊಳೆಯುತ್ತಾನೆ. ಹೇಳಿದರೆ ಅವನು ಇನ್ನು ಬದುಕಿರುವವರೆಗೆ ಯಾರನ್ನೂ ನಂಬುವುದಿಲ್ಲ. ಇದರ ಕೆಳಗೆ ಇನ್ನೊಂದು ಯೋಚನೆಯೂ ಇತ್ತು. ಅದನ್ನು ನೋಡಲು ಅವರಿಗೇ ನಾಚಿಕೆ. ಸುಮ್ಮನಿದ್ದರೆ ನನಗೇನೂ ಆಗುವುದಿಲ್ಲ ಅನ್ನುವ ಯೋಚನೆ.

ಆದರೆ ಅದೂ ಸುಳ್ಳಾಯಿತು. ಒಂದು ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಯಾರೋ ಕೆಮ್ಮಿದ ಸದ್ದಾಯಿತು. ಹೋಗಿ ನೋಡಿದರೆ ಎತ್ತರದ ಆಳು. ಬಿಳೀ ರುಮಾಲು, ಕಾಲ ಬಳಿ ಒಂದು ದೊಡ್ಡ ಬೂದುಗುಂಬಳಕಾಯಿ, ಬಾಳೆಗೊನೆ.

"ನಮಸ್ಕಾರ ಸ್ವಾಮಿ. ನಾನು ಮರಿಸಿದ್ದಯ್ಯ, ಸಿದ್ದರಾಜನ ಚಿಕ್ಕಪ್ಪ. ಮನೇಲಿ ಬೆಳೆದದ್ದು, ಐನೋರಿಗೆ ಕೊಟ್ಟೋಗಾನ ಅಂತ ಬಂದೆ."

ದನಿ ಮೆತ್ತಗಿತ್ತು. ತಿರುನಾರಾಯಣರು ಕೂರಲು ಹೇಳಿದರು. ಅವನು ಕೂರಲಿಲ್ಲ.

"ನಮ್ ಉಡ್ಗ ಸಂಜೆ ನಿಮ್ ತಾವ ಬತ್ತಾನಂತೆ. ಏನಾರ ಮಾತಾಡ್ತಾನಾ?"

"ಓದಿನ ವಿಷಯ," ಅಂದರು ತಿರುನಾರಾಯಣರು.

"ಓದಿನ ವಿಸ್ಯ." ಮರಿಸಿದ್ದಯ್ಯ ತಲೆಯಾಡಿಸಿದ. "ಅವನಿಗೆ ಕನಸು ಜಾಸ್ತಿ ಸ್ವಾಮಿ. ಕಂಡದ್ದು ಕಾಣದ್ದು ಎಲ್ಲ ಯೋಳ್ತಾನೆ. ನಂಬಬ್ಯಾಡಿ." ಮೆಟ್ಟಿಲಿಳಿದವನು ತಿರುಗಿ ನಿಂತ. "ಅಮ್ಮಾವ್ರು ದಿನಾ ಬೆಳಿಗ್ಗೆ ಕೊಳದ ತಾವ ಒಬ್ರೇ ಓಯ್ತಾರಲ್ವಾ? ಮೆಟ್ಲೆಲ್ಲ ಪಾಚಿ. ಜಾರ್ತದೆ. ವಸಿ ನೋಡ್ಕೊಂಡು ಓಗಾಕೆ ಯೋಳಿ."

ಅವನು ಬೀದಿಯ ತಿರುವು ದಾಟುವವರೆಗೂ ತಿರುನಾರಾಯಣರು ಜಗಲಿಯ ಕಂಬ ಹಿಡಿದು ನಿಂತಿದ್ದರು. ಮಾರನೆಯ ದಿನದಿಂದ ಚೂಡಾಮಣಿಯನ್ನು ಕೊಳಕ್ಕೆ ಹೋಗಗೊಡಲಿಲ್ಲ. ತಾವೇ ಬಿಂದಿಗೆ ಹೊತ್ತು ತಂದರು. ಬೀದಿಯವರು ನಕ್ಕರು. ಚೂಡಾಮಣಿ ನಗಲಿಲ್ಲ. "ನೀವು ಹೇಳಬೇಡಿ, ಪರವಾಗಿಲ್ಲ. ಆದರೆ ಯಾರಿಗಾದರೂ ಹೇಳಿ," ಅಂದಳು.

ಅವರು ಅಯ್ಯಂಗಾರ್ಯರ ಬಳಿಗೆ ಹೋದರು. ಹೆಸರು ಹೇಳಲಿಲ್ಲ. "ಒಬ್ಬ ಹುಡುಗ ಒಂದು ಮಾತು ಹೇಳಿದಾನೆ. ಅದನ್ನ ಇಟ್ಟುಕೊಂಡರೆ ತಪ್ಪು, ಬಿಟ್ಟರೂ ತಪ್ಪು," ಅಂದರು.

ಅಯ್ಯಂಗಾರ್ಯರು ಎದ್ದು ಬಾಗಿಲು ಹಾಕಿ ಬಂದರು. "ನನ್ನದೇ ತಪ್ಪು ತಿರುನಾರಾಯಣ. ಮಾತು ಹೊರಕ್ಕೆ ಹೋಗಕೂಡದು ಅಂದೆ, ಯಾವಾಗ ಹೋಗಬೇಕು ಅಂತ ಹೇಳಲಿಲ್ಲ. ಹುಡುಗನ ಪ್ರಾಣಕ್ಕೆ ಭಯ ಇದೆಯೋ?"

"ಇರಬಹುದು."

"ಹಾಗಿದ್ದರೆ ಆಣೆ ಅನ್ನೋದು ಅವನಿಗಿಂತ ದೊಡ್ಡದಲ್ಲ. ಆದರೆ ಅವನಿಗೆ ಹೇಳದೆ ಹೇಳಬೇಡ. ಮೊದಲು ಅವನ ಎದುರಿಗೇ ಹೇಳು, 'ನಾನು ಇದನ್ನ ಮುಚ್ಚಿಡಲಾರೆ' ಅಂತ. ಅವನೇ ಬಾಯಿ ಬಿಡೋದಾದರೆ ಅವನ ಪಕ್ಕದಲ್ಲಿ ಕೂತಿರು. ನಾನೂ ಬರ್ತೀನಿ."

ಮಾರನೆಯ ದಿನ ಹೇಳುವುದೆಂದು ಗಟ್ಟಿ ಮಾಡಿಕೊಂಡು ಬಂದರೆ ಸಿದ್ದರಾಜುವಿನ ಜಾಗ ಖಾಲಿಯಿತ್ತು. ಅದರ ಮಾರನೆಯ ದಿನವೂ ಬರಲಿಲ್ಲ. ಆಮೇಲೆ ಅತ್ತಿಕಟ್ಟೆಯ ಕಡೆಯಿಂದ ಸಂತೆಗೆ ಬಂದ ಒಬ್ಬ, ಹುಡುಗನಿಗೆ ಗಾಳಿ ಮೆಟ್ಟಿದೆಯಂತೆ, ಇನ್ನು ಇಸ್ಕೂಲು ಬಿಡಿಸಿದರಂತೆ ಅಂತ ಸುದ್ದಿ ಹೇಳಿ ಹೋದ.

ತಿರುನಾರಾಯಣರ ಕಣ್ಣ ಮುಂದೆ ತೂಬಿನ ಬಾಯಿ ಬಂದು ನಿಂತಿತು. ಯಾರನ್ನಾದರೂ ಕಳಿಸೋಣವೆಂದು ಯೋಚಿಸಿದರು. ಯಾರನ್ನು ಕಳಿಸುವುದು, ಏನಂತ ಹೇಳಿ ಕಳಿಸುವುದು? ಅಯ್ಯಂಗಾರ್ಯರು ಮೈಸೂರಿಗೆ ಹೋಗಿದ್ದರು. ಬೆಳಗಿನ ಬಸ್ಸಿಗೆ ಇವರೇ ಹತ್ತಿದರು. ಬಸ್ಸು ಹೊರಟಮೇಲೂ ಇಳಿದುಬಿಡಲೇ ಎಂದು ಬಾಗಿಲ ಕಂಬಿಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು.

ಅತ್ತಿಕಟ್ಟೆಯ ದಾರಿ ಕವಲೊಡೆಯುವಲ್ಲಿ ಇಳಿದು ನಡೆದರು. ಊರಿಗೆ ಹೋಗಬೇಕಾದರೆ ಕೆರೆ ಏರಿಯ ಮೇಲೆಯೇ ಹೋಗಬೇಕು. ಒಂದು ಕಡೆ ಕೆಳಗೆ ಕೊಯ್ಲಾದ ಗದ್ದೆ, ಇನ್ನೊಂದು ಕಡೆ ನೀರು. ಅರ್ಧ ಏರಿ ದಾಟಿರಬೇಕು, ಎದುರಿಗೆ ಮರಿಸಿದ್ದಯ್ಯ ಬರುತ್ತಿದ್ದ. ಹೆಗಲ ಮೇಲೆ ಗುದ್ದಲಿ.

"ಓ, ಐನೋರು. ಇಷ್ಟು ದೂರ?"

"ಹುಡುಗನ್ನ ನೋಡೋಣ ಅಂತ."

"ಬನ್ನಿ, ಕರ್ಕೊಂಡೋಯ್ತೀನಿ." ಅವನು ತಿರುಗಿ ಜೊತೆಯಲ್ಲಿ ನಡೆದ. ಗದ್ದೆಯ ಕಡೆಯ ಅಂಚು ತಾನು ಹಿಡಿದ. ನೀರಿನ ಕಡೆಯ ಅಂಚು ತಿರುನಾರಾಯಣರ ಪಾಲಿಗೆ ಬಂತು. ದಾರಿ ಇಕ್ಕಟ್ಟು. ಅವನ ತೋಳು ಆಗಾಗ ಇವರ ತೋಳಿಗೆ ತಾಗುತ್ತಿತ್ತು.

"ಈಜು ಬತ್ತದಾ ಸ್ವಾಮಿ?"

"ಇಲ್ಲ," ಅಂದರು. ಅಂದಮೇಲೆ, ಬರುತ್ತದೆ ಅನ್ನಬೇಕಿತ್ತು ಅನ್ನಿಸಿತು.

ತೂಬಿನ ಕಲ್ಲುಕಂಬಗಳ ಹತ್ತಿರ ಬಂದಾಗ ಮರಿಸಿದ್ದಯ್ಯ ನಿಂತ. ಗುದ್ದಲಿ ಇಳಿಸಿ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಬಿಚ್ಚಿದ. "ಕುಂತ್ಕಳಿ," ಅಂದ. ತಿರುನಾರಾಯಣರು ಕಂಬವನ್ನು ಹಿಡಿದುಕೊಂಡು ಕೂತರು. ಕಂಬದ ಬುಡದಲ್ಲಿ ನೀರು ಕಪ್ಪಗೆ ಅಲುಗಾಡದೆ ನಿಂತಿತ್ತು.

"ಇಲ್ಲೇ ನಮ್ ನೀರುಗಂಟಿ ಜಾರಿದ್ದು." ಮರಿಸಿದ್ದಯ್ಯ ಎಲೆಗೆ ಸುಣ್ಣ ಸವರುತ್ತ ಹೇಳಿದ. "ನಂಗೆ ಮಕ್ಕಳಿಲ್ಲ ಸ್ವಾಮಿ. ಅಣ್ಣ ಓದಾಗ ಅವನು ಇಷ್ಟುದ್ದ ಇದ್ದ. ಎಗಲ ಮೇಲೆ ಒತ್ಕೊಂಡು ಇಸ್ಕೂಲಿಗೆ ಬುಟ್ಟೋನು ನಾನು. ಅವನು ಅಮಲ್ದಾರ ಆಗ್ತಾನೆ ಅಂದ್ಕೊಂಡಿವ್ನಿ." ಎಲೆ ಬಾಯಿಗಿಟ್ಟುಕೊಂಡು ತಿರುನಾರಾಯಣರನ್ನೇ ನೋಡಿದ. "ಅವನು ನಿಮ್ ತಾವ ಏನಂದ?"

ಹತ್ತಿರದಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಏನೂ ಅಂದಿಲ್ಲ ಅನ್ನುವ ಎರಡು ಮಾತು ತಿರುನಾರಾಯಣರ ನಾಲಿಗೆಯ ತುದಿಯವರೆಗೂ ಬಂದಿತ್ತು. ಅಂದುಬಿಟ್ಟರೆ ಬದುಕಿಕೊಳ್ಳಬಹುದಿತ್ತು. ಯಾಕೆ ಅನ್ನಲಿಲ್ಲವೋ ಅವರು ಆಮೇಲೆ ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ.

"ಆ ಕೋಣೇಲಿ ಹುಡುಗರು ಹೇಳಿದ್ದನ್ನ ನಾನು ಅವರ ಹೆತ್ತವರಿಗೂ ಹೇಳೋದಿಲ್ಲ. ನಿಮಗೂ ಹೇಳೋದಿಲ್ಲ."

ಮರಿಸಿದ್ದಯ್ಯ ಅಗಿಯುವುದನ್ನು ನಿಲ್ಲಿಸಿದ. ಹೇಳುವುದಕ್ಕೆ ಏನೋ ಇದೆ ಅನ್ನುವುದು ಆ ಮಾತಿನಲ್ಲೇ ಅವನಿಗೆ ಗೊತ್ತಾಗಿಹೋಯಿತು. ಅವನ ಕೈ ಗುದ್ದಲಿಯ ಕಾವಿನ ಮೇಲೆ ಬಂತು. ತಿರುನಾರಾಯಣರು ಅದನ್ನೇ ನೋಡುತ್ತ ಕೂತರು. ಓಡುವುದು ಅಂತ ಒಂದು ಇದೆ ಎನ್ನುವುದೇ ಮರೆತುಹೋದ ಹಾಗಿತ್ತು.

ಅಷ್ಟರಲ್ಲಿ ಏರಿಯ ಆ ತುದಿಯಲ್ಲಿ ಎಮ್ಮೆಗಳನ್ನು ಹೊಡೆದುಕೊಂಡು ಇಬ್ಬರು ಹೆಂಗಸರು ಕಾಣಿಸಿದರು. ಮರಿಸಿದ್ದಯ್ಯ ನೀರಿಗೆ ಉಗುಳಿ ಎದ್ದ. "ನಡೀರಿ," ಅಂದ.

ಮನೆಯ ನಡುಕೋಣೆಯಲ್ಲಿ ಸಿದ್ದರಾಜು ಚಾಪೆಯ ಮೇಲೆ ಮುದುರಿ ಮಲಗಿದ್ದ. ಕೆನ್ನೆ ಬತ್ತಿತ್ತು. ಬದುಕಿದ್ದಾನೆ ಅನ್ನುವುದೊಂದನ್ನೇ ತಿರುನಾರಾಯಣರು ಮೊದಲು ಕಂಡದ್ದು. ತಲೆಯ ಹತ್ತಿರ ಅವನ ಅವ್ವ ಚಲುವಮ್ಮ ಗಂಜಿಯ ಬಟ್ಟಲು ಹಿಡಿದು ಕೂತಿದ್ದಳು. ಹುಡುಗ ಮೇಷ್ಟ್ರನ್ನು ಕಂಡು ಏಳಲು ಹೋದ. ಅವರ ಹಿಂದೆ ಚಿಕ್ಕಪ್ಪ ನಿಂತಿದ್ದು ಕಂಡು ಮತ್ತೆ ಮಲಗಿದ.

ತಿರುನಾರಾಯಣರು ಸುಳ್ಳು ಹೇಳಿ ಅಭ್ಯಾಸವಿದ್ದವರಲ್ಲ. ಅವತ್ತು ಹೇಳಿದರು. "ಪರೀಕ್ಷೆ ಹತ್ತಿರ ಬಂತು. ಹುಡುಗ ಇವತ್ತೇ ಬಂದು ಹೆಡ್‌ಮಾಸ್ಟರ ಎದುರಿಗೆ ರುಜು ಹಾಕಬೇಕು. ಸರ್ಕಾರದ ಕಾನೂನು. ಇಲ್ಲದಿದ್ದರೆ ಇನ್ನು ಯಾವತ್ತೂ ಪರೀಕ್ಷೆಗೆ ಕೂರಿಸೋದಿಲ್ಲ."

"ಪರೀಕ್ಸೇನೂ ಬ್ಯಾಡ, ಏನೂ ಬ್ಯಾಡ," ಅಂದ ಮರಿಸಿದ್ದಯ್ಯ. "ಮೈ ಸರಿ ಇಲ್ಲ. ಮನೇಲಿರ್ತಾನೆ."

ಚಲುವಮ್ಮ ಬಟ್ಟಲು ಕೆಳಗಿಟ್ಟಳು. ಮೈದುನನ ಎದುರಿಗೆ ಯಾವತ್ತೂ ಸೆರಗು ಸರಿಸದ ಹೆಂಗಸು ಎದ್ದು ಅವನ ಮುಂದೆ ಬಂದು ನಿಂತಳು.

"ಓಗ್ಲಿ ಬುಡು ಮೈದ."

"ನೀನು ಒಳಕ್ಕೋಗು ಅತ್ಗೆ."

"ಓಗಾಕಿಲ್ಲ. ಇಷ್ಟು ವರ್ಸ ನಿನ್ ಮಾತು ಮೀರಿಲ್ಲ. ನೀನು ಹಾಕಿದ ಅನ್ನ ಉಂಡಿವ್ನಿ, ಇಲ್ಲ ಅನ್ನಾಕಿಲ್ಲ. ನನ್ ಮಗ ನಿದ್ದೇಲಿ ಏನ್ ಬಡಬಡಿಸ್ತಾನೆ ಅಂತ ಪಕ್ಕದಲ್ಲಿ ಮಲಗೋಳು ನಾನು. ಎಲ್ಲ ಕೇಳಿಸ್ಕೊಂಡಿವ್ನಿ." ಅವಳ ದನಿ ಏರಲಿಲ್ಲ. "ಇಲ್ಲಿದ್ರೆ ಇವ್ನು ಸಾಯ್ತಾನೆ. ನೀನು ಸಾಯಿಸ್ದಿದ್ರೂ ಸಾಯ್ತಾನೆ. ಕರ್ಕೊಂಡೋಗಿ ಸ್ವಾಮಿ. ನಾನು ಇಲ್ಲಿರ್ತೀನಿ."

ಮೇಷ್ಟ್ರು ಬಂದರೆಂದು ಬಾಗಿಲಲ್ಲಿ ಆಗಲೇ ಅಕ್ಕಪಕ್ಕದವರು ಸೇರಿದ್ದರು. ಮರಿಸಿದ್ದಯ್ಯ ಅವರನ್ನೊಮ್ಮೆ, ಅತ್ತಿಗೆಯನ್ನೊಮ್ಮೆ ನೋಡಿದ. ಹೊರಕ್ಕೆ ಹೋಗಿ ಜಗಲಿಯ ಮೇಲೆ ಕೂತ. ಹುಡುಗ ಅವನ ಮುಂದೆಯೇ ಹಾದುಹೋದಾಗ ತಲೆಯೆತ್ತಲಿಲ್ಲ.

ರಸ್ತೆಯ ಹತ್ತಿರ ಬಸ್ಸು ಕಾಯುತ್ತ ನಿಂತಾಗ ತಿರುನಾರಾಯಣರು ಹಿಂತಿರುಗಿ ನೋಡಿದರು. ದೂರದಲ್ಲಿ ಏರಿಯ ಮೇಲೆ ಬಿಳೀ ರುಮಾಲಿನ ಎತ್ತರದ ಆಳು ನಿಂತಿದ್ದ. ಹತ್ತಿರ ಬರಲೂ ಇಲ್ಲ, ಹೋಗಲೂ ಇಲ್ಲ. ಬಸ್ಸು ಬರುವವರೆಗೂ ಇವರು ಹುಡುಗನಿಗೆ ಅಡ್ಡವಾಗಿ ನಿಂತಿದ್ದರು.

ಬಸ್ಸಿನಲ್ಲಿ ಹುಡುಗನಿಗೆ ಹೇಳಿದರು: "ನೋಡಪ್ಪ, ನಾನು ಆಣೆ ಮಾಡಿದ್ದೆ. ಇಷ್ಟು ದೊಡ್ಡದನ್ನ ಮುಚ್ಚಿಡಲಾರೆ. ಇದನ್ನ ನಿನ್ನ ಹಿಂದೆ ಹೋಗಿ ಇನ್ನೊಬ್ಬರಿಗೆ ಹೇಳೋದಿಲ್ಲ. ನಿನ್ನ ಎದುರಿಗೇ ಹೇಳ್ತಿದ್ದೀನಿ."

ಸಿದ್ದರಾಜು ಅವರ ಕಡೆ ತಿರುಗಿದ. "ನನ್ನ ನೇಣಿಗಾಕ್ತಾರಾ ಸಾರ್?"

"ನನಗೆ ಕಾನೂನು ಗೊತ್ತಿಲ್ಲ. ನೀನು ನೂಕಲಿಲ್ಲ ಅನ್ನೋದು ಗೊತ್ತು. ಅದನ್ನ ಹೇಳುವಾಗ ನಾನು ನಿನ್ನ ಪಕ್ಕದಲ್ಲೇ ಇರ್ತೀನಿ. ನನಗೂ ಹೆದರಿಕೆ ಇದೆ. ಆದರೂ ಇರ್ತೀನಿ."

"ನಾನೇ ಯೋಳ್ತೀನಿ," ಅಂದ ಹುಡುಗ. ಇನ್ನೊಂದು ಊರು ದಾಟಿದ ಮೇಲೆ, "ನಾಳೆ ಬ್ಯಾಡ ಸಾರ್. ಇವತ್ತೇ," ಅಂದ.

ಅಷ್ಟು ಹೊತ್ತಿಗೆ ಅಯ್ಯಂಗಾರ್ಯರು ಮೈಸೂರಿನಿಂದ ಬಂದಿದ್ದರು. ಮೂವರೂ ಸೇರಿ ಪೊಲೀಸು ಠಾಣೆಗೆ ಹೋದರು. ಇನ್‌ಸ್ಪೆಕ್ಟರು ಮೇಜು ಗುದ್ದಿ ಗದರಿಸಿದಾಗಲೆಲ್ಲ ತಿರುನಾರಾಯಣರೇ ಹುಡುಗನಿಗಿಂತ ಹೆಚ್ಚು ಬೆಚ್ಚಿದರು. ಕುರ್ಚಿ ಬಿಟ್ಟು ಮಾತ್ರ ಏಳಲಿಲ್ಲ. ಹುಡುಗ ಕಜ್ಜಾಯದ ಮಾತೂ ಬಿಡದೆ ಎಲ್ಲ ಹೇಳಿದ. ಬಲಗೈ ಏಳದ್ದರಿಂದ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಆರನೇ ಫಾರಮ್ಮಿನವನು ಹೆಬ್ಬೆಟ್ಟೇ ಎಂದು ಅಲ್ಲಿದ್ದ ಪೇದೆ ನಕ್ಕ. ಹುಡುಗನಿಗೆ ಅವಮಾನವಾಗಿ ಕಣ್ಣಲ್ಲಿ ನೀರು ಬಂತು. ಅಷ್ಟು ದಿನದಲ್ಲಿ ಅವನು ಅತ್ತದ್ದು ಅದೇ ಮೊದಲು.

ಅವನನ್ನು ಆ ರಾತ್ರಿಯಿಂದ ತಿರುನಾರಾಯಣರ ಮನೆಯಲ್ಲೇ ಇಟ್ಟುಕೊಂಡರು. ಜಗಲಿಯ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದ, ಚೂಡಾಮಣಿ ಅಲ್ಲಿಗೇ ಊಟ ತಂದಿಡುತ್ತಿದ್ದಳು. ಒಕ್ಕಲ ಮನೆಯ ಹುಡುಗನನ್ನು ಬ್ರಾಹ್ಮಣರ ಮನೆಯಲ್ಲಿ ಇಟ್ಟುಕೊಂಡಿದ್ದಾರೆಂದು ಅಗ್ರಹಾರದಲ್ಲಿ ಗುಸುಗುಸು ಎದ್ದಿತು. "ಅವನ ಕೈ ನೋಡಿದಾರಾ ಅವರು?" ಅಂದಳು ಚೂಡಾಮಣಿ, ಅಷ್ಟೆ. ಅಗಳಿ ಭದ್ರವಾಗಿ ಹಾಕಿದ್ದೇವೆಯೋ ಇಲ್ಲವೋ ಎಂದು ತಿರುನಾರಾಯಣರು ಎದ್ದೆದ್ದು ನೋಡುತ್ತಿದ್ದರು. ಮರಿಸಿದ್ದಯ್ಯನನ್ನು ಹಿಡಿದಮೇಲೂ ಆ ಅಭ್ಯಾಸ ಹೋಗಲಿಲ್ಲ.

ಆ ವರ್ಷ ಸಿದ್ದರಾಜು ಪರೀಕ್ಷೆ ಬರೆಯಲಾಗಲಿಲ್ಲ. ಬೇಸಿಗೆಯಲ್ಲಿ ಮೈಸೂರಿನ ಕೋರ್ಟಿನಲ್ಲಿ ಮೊಕದ್ದಮೆ ನಡೆಯಿತು. ಕಟಕಟೆಯಲ್ಲಿ ನಿಂತ ಮರಿಸಿದ್ದಯ್ಯ ಏನು ಹೇಳುವನೋ ಅನ್ನುವುದೊಂದೇ ಹುಡುಗನ ಹೆದರಿಕೆ. ಕೇಳಿದಾಗ ಮರಿಸಿದ್ದಯ್ಯ ಹುಡುಗನ ಕಡೆ ನೋಡದೆ, "ಉಡ್ಗ ನಾನು ಯೋಳಿದ್ದಕ್ಕೆ ಅಲಿಗೆ ಮುಟ್ಟಿದ, ಅಷ್ಟೆ. ಒಡೆದೋನು ನಾನು," ಅಂದ. ಇಷ್ಟು ತಿಂಗಳು ಯಾವ ಮಾತಿಗೆ ಹೆದರಿ ಹುಡುಗನ ಕೈ ಸತ್ತುಬಿದ್ದಿತ್ತೋ ಆ ಮಾತನ್ನು ಅವನು ಆಡಲೇ ಇಲ್ಲ. ಅವನಿಗೆ ದೀರ್ಘ ಸಜೆಯಾಯಿತು. ಚಲುವಮ್ಮ ಮಗನನ್ನು ಕರೆದುಕೊಂಡು ಮದ್ದೂರಿನಲ್ಲಿ ಅಣ್ಣನ ಮನೆ ಸೇರಿದಳು. ಹುಡುಗ ಅಲ್ಲಿಂದ ಬಸ್ಸಿನಲ್ಲಿ ಓಡಾಡುತ್ತ ಮತ್ತೆ ಆರನೇ ಫಾರಮ್ಮಿಗೆ ಕೂತ. ದಿನಾ ಸಂಜೆ ಭೂಪಟದ ಕೋಣೆಯಲ್ಲಿ ತಿರುನಾರಾಯಣರು ಅವನ ಕೈಗೆ ಸೀಮೆಸುಣ್ಣ ಕೊಟ್ಟು ನದಿಗಳ ಗೆರೆ ಎಳೆಸುತ್ತಿದ್ದರು. ಮೊದಮೊದಲು ಕಾವೇರಿ ಶಿವನಸಮುದ್ರಕ್ಕೆ ಬರುವಷ್ಟರಲ್ಲಿ ಸೀಮೆಸುಣ್ಣ ಬಿದ್ದುಹೋಗುತ್ತಿತ್ತು. ದಸರೆಯ ಹೊತ್ತಿಗೆ ನದಿ ಸಮುದ್ರ ಮುಟ್ಟಿತು.

ಆ ಕೋಣೆಯ ನಿಯಮವನ್ನೂ ಅಯ್ಯಂಗಾರ್ಯರು ಬದಲಿಸಿದರು. ಹುಡುಗ ಬಾಯಿ ಬಿಡುವ ಮೊದಲೇ, ಪ್ರಾಣದ ಮಾತಾದರೆ ಮುಚ್ಚಿಡಲಾಗುವುದಿಲ್ಲ ಎಂದು ಹೇಳಬೇಕು. ಹಾಗೆ ಹೇಳಿದರೆ ಯಾರೂ ಬರುವುದಿಲ್ಲವೆಂದು ತಿರುನಾರಾಯಣರು ಅಂದುಕೊಂಡಿದ್ದರು. ಮೊದಲಿಗಿಂತ ಹೆಚ್ಚು ಹುಡುಗರು ಬಂದರು. ಆ ಸಲ ಪಾಸಾದವರೂ ಹೆಚ್ಚಿದರು. ಸಿದ್ದರಾಜು ಮೊದಲನೆಯ ದರ್ಜೆಯಲ್ಲಿ ಪಾಸಾದ.

ಫಲಿತಾಂಶ ತಿಳಿಯಲು ಅವನು ಸ್ಕೂಲಿಗೆ ಬಂದಿದ್ದ ದಿನ ಜವಾನ ಬಂದು, ಯಾರೋ ಹೆಂಗಸು ಹುಡುಗನನ್ನು ಕೇಳುತ್ತಿದ್ದಾಳೆ, ಕಾಂಪೌಂಡಿನ ಒಳಕ್ಕೆ ಬರುವುದಿಲ್ಲ ಅನ್ನುತ್ತಾಳೆ ಎಂದ. ತಿರುನಾರಾಯಣರು ಹೋಗಿ ನೋಡಿದರು. ಬಾಗಿದ ಬೆನ್ನು, ಹಣೆಯಲ್ಲಿ ಏನೂ ಇಲ್ಲ. ಅಂಕಯ್ಯನ ಹೆಂಡತಿ ಹೊಂಬಾಳಮ್ಮ. ಒಳಕ್ಕೆ ಬಂದು ಹೇಳಿದರೆ ಸಿದ್ದರಾಜು ಗೋಡೆಯ ಕಡೆಗೆ ಸರಿದ. ಕೋರ್ಟಿನಲ್ಲಿ ಕೂಡ ಅವನು ಆಕೆಯ ಕಡೆ ನೋಡಿರಲಿಲ್ಲ. ತಿರುನಾರಾಯಣರಿಗೂ ಅಂಜಿಕೆಯಾಯಿತು. ಈಕೆ ಶಾಪ ಹಾಕಿದರೆ ಹುಡುಗ ಮತ್ತೆ ಮೊದಲಿನಂತಾದಾನು. ಆದರೂ, "ನಡಿ, ನಾನೂ ಬರ್ತೀನಿ," ಅಂದರು.

ಹೊಂಬಾಳಮ್ಮ ಹುಡುಗನನ್ನು ಮೇಲಿನಿಂದ ಕೆಳಗೆ ನೋಡಿದಳು. "ನಿನ್ ತಾವ ಒಂದ್ ಮಾತು ಕೇಳಾಕೆ ಬಂದೆ. ಅಲ್ಲಿ ಕೋಲ್ಟಲ್ಲಿ ಎಲ್ಲ ಕೇಳಿದ್ರು, ಇದ ಯಾರೂ ಕೇಳ್ನಿಲ್ಲ. ಕೈ ಇಡ್ಕೊಂಡಾಗ ಅವ್ನು ನಿಂಗೆ ಏನಾರ ಅಂದ್ನಾ?"

ಸಿದ್ದರಾಜು ಮೊದಲ ಸಲ ಆಕೆಯ ಮುಖ ನೋಡಿದ.

"ಅಂದ. 'ಓದೋ ಉಡ್ಗ ನೀನು, ನಿಂಗ್ಯಾಕಪ್ಪ ಈ ಕೆಲ್ಸ, ಮನೇಗೋಗು' ಅಂದ."

"ಬೈದ್ನಾ?"

"ಇಲ್ಲ. ಬೈನಿಲ್ಲ."

ಆಕೆ ಆ ಮಾತನ್ನು ಬಾಯೊಳಗೇ ಒಂದೆರಡು ಸಲ ಹೇಳಿಕೊಂಡಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಸರಿ ಕಣಪ್ಪ," ಎಂದು ಸಂತೆಯ ಕಡೆಗೆ ನಡೆದಳು. ಹುಡುಗ ಗೇಟಿನ ಕಂಬಿ ಹಿಡಿದು ನಿಂತೇ ಇದ್ದ. ತಿರುನಾರಾಯಣರು ಅವನನ್ನು ಒಳಕ್ಕೆ ಕರೆಯಲಿಲ್ಲ. ಅವನಾಗಿ ತಿರುಗುವವರೆಗೆ ಬಿಸಿಲಿನಲ್ಲಿ ಪಕ್ಕದಲ್ಲೇ ನಿಂತುಕೊಂಡರು.